ಎರಿ ಮಣ್ಣು, ಚಾಕೊಲೇಟ್ ಹೂವು: ಕಲಬುರಗಿಯ ಒಂದು ಅಂಗಳದ ಪ್ರಕರಣ

2021ರ ಆಗಸ್ಟ್‌ನಲ್ಲಿ ಒಂದು ಸಂಜೆ ಅಕ್ಕೋರ ಫೋನು ಬಂತು. "ತಮ್ಮಾ, ಆ ನಿನ್ನ ಗಿಡ ಮತ್ತ ಮೂರು ಹೋದ್ವು ನೋಡು." ಬೀಜ ಅವರದು, ಅಂಗಳ ಅವರದು, ದಿನಾ ನೀರು ಹಾಕಿದವರೂ ಅವರೇ. ಆದರೂ "ನಿನ್ನ ಗಿಡ" ಅಂದರು. ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ಬಿತ್ತಿರಿ ಅಂತ ಹೇಳಿದವನು ನಾನಾಗಿದ್ದೆ. ಆ ಮಾತೇ ತಪ್ಪು ಅಂತ ನನಗೆ ತಿಳಿಯುವುದಕ್ಕೆ ಒಂದು ವರ್ಷದ ಮೇಲೆ ಹಿಡಿಯಿತು.

ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅಂತೇವೆ. ಇವರು ನನಗೆ ಏಳನೇ ತರಗತಿಯಲ್ಲಿ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಸೇಡಂ ರಸ್ತೆಯ ಕಡೆ ಒಂದು ಹೊಸ ಲೇಔಟ್‌ನಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ನಾನು ಬಾಟನಿಯಲ್ಲಿ ಬಿ.ಎಸ್ಸಿ. ಮುಗಿಸಿ, ನೌಕರಿಗೆ ಅಲೆದು ಸುಸ್ತಾಗಿ, ಕೊನೆಗೆ ಸಣ್ಣದೊಂದು ನರ್ಸರಿ ಇಟ್ಟವನು. ಇಬ್ಬರೂ ಸೇರಿ ಒಂದು ಹಳದಿ ಹೂವಿನ ಗಿಡವನ್ನು ಎರಡು ವರ್ಷ ಕೊಂದು, ಮೂರನೆಯ ವರ್ಷ ಬದುಕಿಸಿದ ಲೆಕ್ಕ ಇಲ್ಲಿದೆ. ಕಲಬುರಗಿಯಲ್ಲಿ ಯಾವ ಗಿಡ ಸತ್ತರೂ "ಬಿಸಲಿಗಿ ಹೋತು" ಅನ್ನುವುದು ವಾಡಿಕೆ. ನಾವೂ ಹಾಗೇ ಅಂದುಕೊಂಡಿದ್ದೆವು.

ಗಿಡ ಯಾವುದು

ಶಾಸ್ತ್ರೀಯ ಹೆಸರು ಬರ್ಲಾಂಡಿಯೇರಾ ಲೈರೇಟಾ. ಜನ ಕರೆಯುವುದು ಚಾಕೊಲೇಟ್ ಹೂವು ಅಂತ. ಸೂರ್ಯಪಾನ (ಸೂರ್ಯಕಾಂತಿ), ಸೇವಂತಿಗೆ, ಕುಸುಬಿ, ಗುರೆಳ್ಳು (ಹುಚ್ಚೆಳ್ಳು) ಇವೆಲ್ಲ ಇರುವ ಕುಟುಂಬದ್ದೇ ಇದು. ಅಮೆರಿಕದ ನೈಋತ್ಯ ಭಾಗದ ನ್ಯೂ ಮೆಕ್ಸಿಕೊ, ಟೆಕ್ಸಸ್, ಅರಿಝೋನಾ, ಕೊಲೊರಾಡೊ, ಕನ್ಸಾಸ್‌ಗಳಲ್ಲಿ, ಮೆಕ್ಸಿಕೊದ ಉತ್ತರ ಭಾಗದಲ್ಲಿ ರಸ್ತೆಯ ಬದಿಗೆ, ಒಣ ಹುಲ್ಲುಗಾವಲಿನಲ್ಲಿ, ಸುಣ್ಣಕಲ್ಲಿನ ದಿಬ್ಬಗಳ ಮೇಲೆ ತಾನೇ ಬೆಳೆಯುವ ಕಾಡುಗಿಡ. ಬಹುವಾರ್ಷಿಕ, ಅಂದರೆ ಮೇಲಿನ ಸೊಪ್ಪು ಒಣಗಿದರೂ ನೆಲದೊಳಗಿನ ತಾಯಿಬೇರು ಜೀವ ಹಿಡಿದುಕೊಂಡು ಕೂತಿರುತ್ತದೆ. ಒಂದರಿಂದ ಎರಡು ಅಡಿ ಎತ್ತರ. ಎಲೆ ಬೂದು ಹಸಿರು, ಮುಟ್ಟಿದರೆ ಮೆತ್ತಗೆ ನವಿರು. ಅಂಚು ಸೀಳಿ ಸೀಳಿ, ಲೈರ್ ಎಂಬ ತಂತಿವಾದ್ಯದ ಆಕಾರ ಇರುವುದರಿಂದ ಲೈರೇಟಾ. ಬರ್ಲಾಂಡಿಯೇರಾ ಎಂಬುದು ಜೀನ್ ಲೂಯಿ ಬರ್ಲಾಂಡಿಯೇ ಎಂಬಾತನ ಹೆಸರು. ಜಿನೀವಾ ಕಡೆಯಿಂದ 1826ರಲ್ಲಿ ಮೆಕ್ಸಿಕೊಗೆ ಹೋಗಿ ಗಿಡಗಳನ್ನು ಸಂಗ್ರಹಿಸಿದ ಆತ 1851ರಲ್ಲಿ ಹೊಳೆ ದಾಟುವಾಗ ಮುಳುಗಿ ಸತ್ತ. ನಮ್ಮ ಗಿಡಗಳ ಕಥೆ ಗೊತ್ತಾದ ಮೇಲೆ ಈ ಸಂಗತಿ ಓದಿ ಅಕ್ಕೋರು, "ಹೆಸರಿನ್ಯಾಗೇ ಬರದಿತ್ತು ನೋಡು" ಅಂದರು.

ಹೂವಿನಲ್ಲಿ ಸಾಮಾನ್ಯವಾಗಿ ಎಂಟು ಹಳದಿ ಎಸಳು, ನಡುವೆ ಕಂದುಗೆಂಪು ಬಿಲ್ಲೆ. ಎಸಳನ್ನು ಮಗುಚಿ ನೋಡಿದರೆ ಕೆಳಬದಿಯಲ್ಲಿ ಕುಂಕುಮದ ಗೆರೆ ಎಳೆದಂತೆ ಕೆಂಪು ನರಗಳು. ರಾತ್ರಿ ಅರಳಿ ಬೆಳಿಗ್ಗೆ ಕೋಕೋ ವಾಸನೆ ಸೂಸುತ್ತದೆ. ಬಿಸಿಲು ಏರಿದಂತೆ ಎಸಳು ಜೋತು ಬೀಳುತ್ತವೆ, ವಾಸನೆಯೂ ಹೋಗುತ್ತದೆ. ಎಸಳು ಉದುರಿದ ಮೇಲೆ ಹಿಂದೆ ಉಳಿಯುವ ಹಸಿರು ಬಟ್ಟಲು ಹೂವಿನಷ್ಟೇ ಚೆಂದ.

ಇಷ್ಟನ್ನೆಲ್ಲ ಓದಿಕೊಂಡೇ ಅಕ್ಕೋರು ಮಗಳಿಗೆ ಹೇಳಿ ಬೆಂಗಳೂರಿಂದ ಬೀಜ ತರಿಸಿದ್ದರು. ಗಿಡದ ತವರಿನ ವಿವರ ನಾವಿಬ್ಬರೂ ಓದಿದ್ದೆವು. ಸುಣ್ಣಕಲ್ಲಿನ ನೆಲ, ಉರಿಬಿಸಿಲು, ಕಡಿಮೆ ಮಳೆ. ಕಲಬುರಗಿಯಲ್ಲಿ ಸುಣ್ಣಕಲ್ಲಿಗೆ ಬರವೇ? ಬಿಸಿಲಿಗೆ ಬರವೇ? ಇದು ನಮ್ಮದೇ ಗಿಡ ಅಂತ ಕುಣಿದುಬಿಟ್ಟೆವು. ಮೂರನೆಯ ಮಾತು, ಕಡಿಮೆ ಮಳೆ ಅನ್ನುವುದು, ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನಾವು ನಮ್ಮನ್ನು ಬರದ ನಾಡಿನವರು ಅಂತಲೇ ತಿಳಿದುಕೊಂಡವರು. ಆದರೆ ಈ ಗಿಡ ಬೆಳೆಯುವ ಎಷ್ಟೋ ಊರುಗಳಲ್ಲಿ ವರ್ಷಕ್ಕೆ 300ರಿಂದ 400 ಮಿಲಿಮೀಟರ್ ಮಳೆ. ಕಲಬುರಗಿಯಲ್ಲಿ ಅದರ ಇಮ್ಮಡಿ, 750ರ ಆಚೀಚೆ, ಅದೂ ಬಹುತೇಕ ಜೂನ್‌ನಿಂದ ಅಕ್ಟೋಬರ್ ಒಳಗೆ ಸುರಿದು ಮುಗಿಯುವಂಥದ್ದು.

ಎರಡು ವರ್ಷ, ಮೂವತ್ತು ಗಿಡ

ಮೊದಲ ಸಲ 2021ರ ಜೂನ್ ಎರಡನೇ ವಾರ. ಅಂಗಳದ ಎರಿ ಮಣ್ಣನ್ನು, ಅಂದರೆ ಕಪ್ಪು ಜೇಡಿ ಮಣ್ಣನ್ನು, ಗುದ್ದಲಿಯಿಂದ ಅಗೆದು, ಎರಡು ಬುಟ್ಟಿ ತಿಪ್ಪೆಗೊಬ್ಬರ ಬೆರೆಸಿ, ನೆಲ ಸಪಾಟು ಮಾಡಿ ಬೀಜ ಹಾಕಿದರು. ಮಳೆ ಚೆನ್ನಾಗಿಯೇ ಬಂತು, ಇಪ್ಪತ್ತೆರಡು ಸಸಿ ಎದ್ದವು. ಜುಲೈ ಕೊನೆಗೆ ಅಂಗೈ ಅಗಲ ಹರಡಿಕೊಂಡಿದ್ದವು. ಆಮೇಲೆ ಒಂದೊಂದೇ ಜೋಲು ಮುಖ ಹಾಕತೊಡಗಿದವು. ಸಂಜೆ ಹೊತ್ತಿಗೆ ಎಲೆ ಬಾಡಿರುತ್ತಿತ್ತು. ಬಾಡಿದೆಯಲ್ಲ ಅಂತ ಅಕ್ಕೋರು ಒಂದು ಚೊಂಬು ನೀರು ಹೆಚ್ಚಿಗೆ ಹಾಕುತ್ತಿದ್ದರು. ಮಾರನೇ ದಿನ ಇನ್ನಷ್ಟು ಬಾಡಿರುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಸುಗ್ಗಿ ಮುಗಿದ ಹೊಲದ ಹಾಗೆ ಅಂಗಳ ಖಾಲಿ.

ನಾನು ಹೋಗಿ ನೋಡಿದೆ. ನೋಡಿದೆ ಅಂದರೆ ನಿಂತು ನೋಡಿದೆ ಅಷ್ಟೇ. ಒಂದನ್ನೂ ಕಿತ್ತು ಬೇರು ನೋಡಲಿಲ್ಲ. "ಬಿಸಲಿಗಿ ತಡಕೊಂಡಿಲ್ರೀ ಅಕ್ಕೋರ, ಮುಂದಿನ ಸಲ ನೆಳ್ಳಿಗಿ ಇಡೋಣ" ಅಂದೆ. ಆಗಸ್ಟ್ ತಿಂಗಳಲ್ಲಿ, ಮೋಡ ಕವಿದ ಆಕಾಶದ ಕೆಳಗೆ ನಿಂತು ಬಿಸಿಲಿನ ಮೇಲೆ ತಪ್ಪು ಹೊರಿಸಿದ ನನ್ನ ಧೈರ್ಯವನ್ನು ಈಗ ಮೆಚ್ಚಬೇಕು.

ಎರಡನೇ ಸಲ 2022ರ ಜನವರಿ. ನನ್ನ ಸಲಹೆಯಂತೆ ಕುಂಡ, ಕೋಕೋಪೀಟ್, ಎರೆಹುಳು ಗೊಬ್ಬರ, ಮೇಲೆ ಹಸಿರು ಶೇಡ್‌ನೆಟ್. ದಿನಾ ನೀರು. ಒಂದು ಅಂಗಡಿಯವರ ಮಾತು ಕೇಳಿ ಅಕ್ಕೋರು ಒಂದೊಂದು ಚಿಟಿಕೆ ಡಿಎಪಿ ಕೂಡ ಹಾಕಿದ್ದರು. ಎಂಟು ಗಿಡ ಬಂದವು, ಬಂದವು ಅಂದರೆ ಪಾಲಕ್ ಬಂದ ಹಾಗೆ ಬಂದವು. ಸೊಪ್ಪೋ ಸೊಪ್ಪು. ಕಾಂಡ ಉದ್ದಕ್ಕೆ ಎದ್ದು, ತನ್ನ ಭಾರ ತಾನೇ ಹೊರಲಾರದೆ ಕುಂಡದ ಅಂಚಿನ ಮೇಲೆ ಒರಗಿತು. ಏಪ್ರಿಲ್, ಮೇ ಎರಡೂ ತಿಂಗಳು ಕಳೆದರೂ ಎಂಟರಲ್ಲಿ ಅರಳಿದ್ದು ಎರಡೇ ಹೂ. ಜುಲೈ ಮಳೆ ಹಿಡಿದದ್ದೇ ತಡ, ಮತ್ತೆ ಅದೇ ಕಥೆ. ಆಗಸ್ಟ್ ಕೊನೆಗೆ ಎಂಟಕ್ಕೆ ಎಂಟೂ ಹೋದವು.

ಬುಡ ಕಿತ್ತು ನೋಡಿದ ದಿನ

ಕಣ್ಣು ತೆರೆಸಿದವಳು ಅಕ್ಕೋರ ಮನೆಗೆ ಅಂಗಳದ ಕೆಲಸಕ್ಕೆ ಬರುವ ಹೆಣ್ಣುಮಗಳು. ಜೇವರ್ಗಿ ಕಡೆಯ ಹಳ್ಳಿಯಾಕೆ, ಊರಲ್ಲಿ ಎರಡು ಎಕರೆ ತೊಗರಿ ಹೊಲ. ಕೊನೆಯ ಕುಂಡ ಎತ್ತಿ ಹಾಕುವಾಗ ಗಿಡದ ಕೊರಳು ಹಿಡಿದು ಎಳೆದಳು. ಗಿಡ ಕೈಗೆ ಬಂತು, ಬೇರು ಮಣ್ಣಲ್ಲೇ ಉಳಿಯಿತು. ಬುಡ ಕಂದುಬಣ್ಣಕ್ಕೆ ತಿರುಗಿ, ಕುದಿಸಿದ ಶೇಂಗಾದ ಸಿಪ್ಪೆಯ ಹಾಗೆ ಮೇಲಿನ ತೊಗಟೆ ಜಾರುತ್ತಿತ್ತು.

"ಅಕ್ಕೋರ, ನೀರು ನಿಂತ ತೊಗರಿ ಹಿಂಗೇ ಬಾಡ್ತದ್ರೀ" ಅಂದಳು. "ಮ್ಯಾಲ ನೋಡಿದ್ರ ನೀರಡಿಸಿದಂಗ ಕಾಣ್ತದ. ತೆಳಗ ಬೇರು ಮುಳುಗಿರ್ತದ."

ನಾನು ಡಿಗ್ರಿ ಮಾಡಿದವನು, ಪಕ್ಕದಲ್ಲೇ ನಿಂತಿದ್ದೆ.

ಬೇರಿಗೂ ಉಸಿರಾಟಕ್ಕೆ ಗಾಳಿ ಬೇಕು. ಎರಿ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಕಣಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಗಾಳಿ ಇಲ್ಲದ ಬೇರು ನೀರಿನ ನಡುವೆ ಇದ್ದೂ ನೀರು ಎಳೆಯಲಾರದು, ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡು ನಾವು ಇನ್ನೂ ನೀರು ಹಾಕುತ್ತೇವೆ. ಅಷ್ಟರಲ್ಲಿ ಕೊಳೆಸುವ ಶಿಲೀಂಧ್ರ ಬುಡಕ್ಕೆ ಬಂದು ಕೂತಿರುತ್ತದೆ. ಕೋಕೋಪೀಟ್ ಬೇರೆ ಮಳೆಗಾಲದಲ್ಲಿ ಸ್ಪಂಜಿನ ಹಾಗೆ ನೀರು ಹಿಡಿದುಕೊಂಡು ಬಿಡುವುದೇ ಇಲ್ಲ. ತೊಗರಿ, ಜೋಳ, ಕಡಲೆಗೆ ಎರಿ ಭೂಮಿ ಅಂದರೆ ಬಂಗಾರ, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಕಾಯ್ದುಕೊಳ್ಳುತ್ತದೆ. ಹಿಂಗಾರಿಗೆ ವರವಾದ ಆ ಗುಣವೇ ಈ ಗಿಡಕ್ಕೆ ಕುತ್ತಾಯಿತು. ಬೇಸಿಗೆಯಲ್ಲಿ ಬಾಯಿ ಬಿಡುವ ಬಿರುಕುಗಳದು ಇನ್ನೊಂದು ತಂಟೆ, ತಾಯಿಬೇರನ್ನು ಎಳೆದು ಹರಿಯುತ್ತವೆ.

ಊಹೆಯ ಮೇಲೆ ಬಿಡಬಾರದು ಅಂತ ಆ ವಾರ ಎರಡು ಕೆಲಸ ಮಾಡಿದೆವು. ಅಂಗಳದಲ್ಲಿ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿದೆವು. ಇಳಿದ ಮೇಲೆ ಎರಡನೇ ಸಲ ತುಂಬಿ ಬಿಟ್ಟೆವು. ಎರಡನೆಯದೇ ನಿಜವಾದ ಪರೀಕ್ಷೆ, ಮೊದಲ ನೀರನ್ನು ಒಣ ಮಣ್ಣು ಹೇಗೂ ಕುಡಿಯುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಗುಂಡಿಯಲ್ಲಿ ಮುಕ್ಕಾಲು ನೀರು ಹಾಗೇ ಇತ್ತು, ಅದರಲ್ಲಿ ಸೊಳ್ಳೆ ಕುಣಿಯುತ್ತಿದ್ದವು. ಪಕ್ಕದ ಖಾಲಿ ಪ್ಲಾಟಿನವರು ಮುರುಮ್, ಅಂದರೆ ಗರಸು ಮಣ್ಣು, ತುಂಬಿಸಿದ್ದರು, ಅವರನ್ನು ಕೇಳಿ ಅಲ್ಲೂ ಅಷ್ಟೇ ಗುಂಡಿ ತೋಡಿದೆವು. ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ತಳ ಕಾಣುತ್ತಿತ್ತು.

ಎರಡನೆಯ ಕೆಲಸ ಅಕ್ಕೋರದು. ಅವರು ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಗಿಡ ಸತ್ತ ಲೆಕ್ಕ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ಬರೆಯುವವರು. ಹಳೆಯ ಎರಡು ಕ್ಯಾಲೆಂಡರ್ ತೆಗೆದು ಊಟದ ಮೇಜಿನ ಮೇಲೆ ಹರಡಿದರು. 2021ರ ಇಪ್ಪತ್ತೆರಡು, 2022ರ ಎಂಟು, ಒಟ್ಟು ಮೂವತ್ತು ಗಿಡ. ಮೂವತ್ತೂ ಸತ್ತದ್ದು ಜುಲೈನಿಂದ ಸೆಪ್ಟೆಂಬರ್ ಒಳಗೆ. 42 ಡಿಗ್ರಿ ದಾಟಿದ ಏಪ್ರಿಲ್, ಮೇ ತಿಂಗಳ ಮನೆಗಳಲ್ಲಿ ಒಂದು ಸಾವೂ ಇರಲಿಲ್ಲ. ನೆಟ್ ಕೆಳಗೆ ಇದ್ದವಲ್ಲ ಅಂತ ನಾನು ಸಣ್ಣಗೆ ವಾದ ಮಾಡಿದೆ. "ಜುಲೈದಾಗೂ ನೆಟ್ ತೆಳಗೇ ಇದ್ವಲ್ಲೋ" ಅಂದರು. ಏಳನೇ ತರಗತಿಯಲ್ಲೂ ಹೀಗೇ ಬಾಯಿ ಮುಚ್ಚಿಸುತ್ತಿದ್ದರು.

ಮಣ್ಣಿನ ಪರೀಕ್ಷೆಯನ್ನೂ ಮಾಡಿಸಿದೆವು. ರಸಸಾರ (pH) 8.3 ಬಂತು, ಅಂದರೆ ಕ್ಷಾರದ ಮಣ್ಣು. ಅಂಗಡಿಯಲ್ಲಿ ಗಂಧಕ ಹಾಕಿ ಇಳಿಸಿರಿ ಅಂದರು. ನಾವು ಹಾಕಲಿಲ್ಲ, ಸುಣ್ಣದ ನೆಲದಲ್ಲೇ ಹುಟ್ಟಿ ಬೆಳೆಯುವ ಗಿಡಕ್ಕೆ ಆ ಚಿಂತೆ ಬೇಡವಾಗಿತ್ತು.

ಒಡಕು ಫರ್ಸಿಯ ಮಡಿ

ಗಿಡ ನೆಲಕ್ಕೆ ಹೊಂದದಿದ್ದರೆ ಗಿಡವನ್ನೇ ನೆಲದಿಂದ ಮೇಲೆತ್ತಬೇಕು. 2022ರ ದಸರಾ ಮುಗಿದ ಮೇಲೆ ಅಂಗಳದ ಪೂರ್ವದ ಗೋಡೆಯ ಹತ್ತಿರ ಹತ್ತಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿದೆವು. ಪೂರ್ವ ಬೇಕೆಂದದ್ದು ಅಕ್ಕೋರು. ಹೂವಿನ ಆಟ ಇರುವುದೇ ಬೆಳಗಿನ ಹೊತ್ತು, ಅವರು ಚಹಾ ಕುಡಿಯುವ ಕಟ್ಟೆ ಇರುವುದೂ ಆ ಕಡೆ.

ಕಲ್ಲಿಗೆ ನಮ್ಮಲ್ಲಿ ಏನು ಕೊರತೆ. ಶಹಾಬಾದ್ ಕಡೆಯ ಪಾಲಿಶ್ ಕಾರ್ಖಾನೆಗಳ ಹಿಂದೆ ಒಡಕು ಫರ್ಸಿಯ, ಅಂದರೆ ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಚಪ್ಪಡಿಯ, ಗುಡ್ಡೆಗಳೇ ಬಿದ್ದಿರುತ್ತವೆ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ತರಿಸಿದ್ದು ಬಿಟ್ಟರೆ ಕಲ್ಲಿಗೆ ದುಡ್ಡು ಬೀಳಲಿಲ್ಲ. ಒಂದು ಎಚ್ಚರಿಕೆ: ಕಲ್ಲಿನ ತುಂಡು ತರಬೇಕು, ಅದರ ಜೊತೆ ಬರುವ ಪಾಲಿಶಿನ ಬಿಳಿ ರಾಡಿಯನ್ನಲ್ಲ. ಒಣಗಿದ ಆ ಪುಡಿ ನೀರು ಬಿದ್ದರೆ ಸಿಮೆಂಟಿನ ಹಾಗೆ ಸಂದು ಮುಚ್ಚುತ್ತದೆ. ಟ್ರ್ಯಾಕ್ಟರಿನವನು ಒಂದಷ್ಟು ಅದನ್ನೂ ಸೇರಿಸಿ ತಂದಿದ್ದ, ಜಾಳಿಗೆಯಲ್ಲಿ ಸೋಸಿ ಬೇರೆ ಮಾಡಲು ಒಂದಿಡೀ ದಿನ ಹೋಯಿತು.

ತಳಕ್ಕೆ ಅರ್ಧ ಅಡಿ ಒಡಕು ಫರ್ಸಿ. ಅದರ ಮೇಲೆ ಎರಡು ಪಾಲು ಮುರುಮ್, ಒಂದು ಪಾಲು ದಪ್ಪ ಮರಳು, ಒಂದು ಪಾಲು ಅಂಗಳದ್ದೇ ಎರಿ ಮಣ್ಣು ಕಲಸಿ ತುಂಬಿದೆವು. ಗೊಬ್ಬರ ಇಡೀ ಮಡಿಗೆ ಅರ್ಧ ಬುಟ್ಟಿ, ಅದೂ ಹಳೆಯದು. ಎರಿ ಮಣ್ಣನ್ನು ಪೂರ್ತಿ ಬಿಡಬಾರದೇ ಅಂತ ಕೇಳಿದವರಿದ್ದಾರೆ. ಬರೇ ಮುರುಮಿನಲ್ಲಿ ಮೇ ತಿಂಗಳಲ್ಲಿ ಎರಡು ದಿನಕ್ಕೊಮ್ಮೆ ನೀರು ಬೇಡುವಂತಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಬೀದರ ಕಡೆಯವರಿಗೆ ಇಷ್ಟೆಲ್ಲ ರಾಮಾಯಣ ಬೇಕಾಗಲಿಕ್ಕಿಲ್ಲ, ಅವರ ಕೆಂಪುಕಲ್ಲಿನ ನೆಲದಲ್ಲಿ ನೀರು ತಾನೇ ಬಸಿಯುತ್ತದೆ.

ಬೀಜವನ್ನು ಈ ಸಲ ಮಳೆಗಾಲಕ್ಕೆ ಬಿತ್ತಲಿಲ್ಲ, ಅಕ್ಟೋಬರ್ ಕೊನೆಗೆ ಹಾಕಿದೆವು. ಎಳೆ ಸಸಿಗೆ ಎಂಟು ತಿಂಗಳು ಒಣ ಹವೆ ಸಿಗುತ್ತದೆ, ಮುಂದಿನ ಮಳೆ ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ. ನಾಟಿ ತೊಗರಿಗೆ ಸಸಿ ಮಾಡುತ್ತಾರಲ್ಲ, ಅದೇ ಪ್ಲಾಸ್ಟಿಕ್ ಚೀಲ ತಂದೆ. ತೊಗರಿಯ ಹಾಗೆ ಇದೂ ನೇರ ಕೆಳಗೆ ಬೇರು ಇಳಿಸುವ ಗಿಡ, ಅಗಲದ ಟ್ರೇಗಿಂತ ಉದ್ದನೆಯ ಚೀಲ ವಾಸಿ. ಚೀಲಕ್ಕೆ ಎರಡರಂತೆ ಬೀಜ ಇಟ್ಟು, ಬೆರಳಿನಿಂದ ಒತ್ತಿ, ಕಾಣಿಸಿಯೂ ಕಾಣದಷ್ಟು ಮರಳು ಉದುರಿಸಿದೆವು. ಆಳಕ್ಕೆ ಹೂತರೆ ಏಳುವುದಿಲ್ಲ. ಇಪ್ಪತ್ತು ಬೀಜದಲ್ಲಿ ಮೊದಲನೆಯದು ಹನ್ನೊಂದನೇ ದಿನ ತಲೆ ಎತ್ತಿತು, ಮೂರು ವಾರದಲ್ಲಿ ಹದಿಮೂರು ಆದವು. ಐದು ಎಲೆ ಬಂದಾಗ, ಡಿಸೆಂಬರ್ ಮೊದಲ ವಾರ, ಬೇರಿಗೆ ಕೈ ತಾಗದಂತೆ ಚೀಲ ಸೀಳಿ ಒಂಬತ್ತನ್ನು ಮಡಿಯಲ್ಲಿಟ್ಟೆವು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಉಳಿದ ನಾಲ್ಕನ್ನು ಓಣಿಯವರು ಒಯ್ದರು. ಅವುಗಳ ಗತಿ ಏನಾಯಿತೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಬುಡವನ್ನು ಸುತ್ತಲಿನ ಮಣ್ಣಿಗಿಂತ ಒಂದು ಬೆರಳು ಮೇಲಿಟ್ಟು, ಕೊರಳಿನ ಸುತ್ತ ಸಣ್ಣ ಖಡಿ ಹರಡಿದ್ದು ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಮಳೆ ನಿಂತ ಅರ್ಧ ಗಂಟೆಗೆ ಖಡಿ ಒಣಗುತ್ತದೆ, ಕೊರಳಿಗೆ ಹಸಿ ತಾಗುವುದಿಲ್ಲ. ನೀರು ಮೊದಲ ತಿಂಗಳು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಏಪ್ರಿಲ್‌ನಿಂದ ಹತ್ತು ದಿನಕ್ಕೊಮ್ಮೆ, ಆದರೆ ಹಾಕಿದಾಗ ಆಳಕ್ಕೆ ಇಳಿಯುವ ಹಾಗೆ. ಡಿಎಪಿಯ ಡಬ್ಬಿಯನ್ನು ಅಕ್ಕೋರು ತೊಗರಿ ಹೊಲದಾಕೆಗೆ ಕೊಟ್ಟುಬಿಟ್ಟರು.

ಬೋರ್ನ್‌ವಿಟಾ

ಮೊದಲ ಹೂ 2023ರ ಮಾರ್ಚ್ 3ರಂದು. ಅಕ್ಕೋರಿಗಿಂತ ಮೊದಲು ಕಂಡವರು ಅವರ ಅತ್ತೆ. ನಾವೆಲ್ಲ ಆಯಿ ಅನ್ನುತ್ತೇವೆ, ಎಂಬತ್ತು ದಾಟಿದೆ. ಬೆಳಿಗ್ಗೆ ಆರಕ್ಕೆ ಕಟ್ಟೆಗೆ ಬಂದು ಕೂತವರು ಒಳಗೆ ಕೂಗಿದರಂತೆ: "ಯವ್ವಾ, ಇಲ್ಲಿ ಬೋರ್ನ್‌ವಿಟಾ ಯಾರ್ ಚೆಲ್ಯಾರ?" ಅಕ್ಕೋರು ನನಗೆ ಫೋನ್ ಮಾಡಿ ಇದನ್ನೇ ಹೇಳಿದರು. ನಾನು ಏಳೂವರೆಗೆ ಹೋದೆ, ಮೂಗು ಹತ್ತಿರ ಒಯ್ದರೆ ಇನ್ನೂ ಇತ್ತು. ಹತ್ತು ಗಂಟೆಗೆ ಎಸಳು ಸೋತು ಕೆಳಗೆ ಬಾಗಿದ್ದವು, ವಾಸನೆ ಇರಲಿಲ್ಲ. ಮಧ್ಯಾಹ್ನ ಬಂದ ನೆಂಟರಿಗೆ ಹೂ ತೋರಿಸಿ "ವಾಸನಿ ನೋಡ್ರಿ" ಅಂದರೆ ನಗೆಪಾಟಲು. ಆಯಿ ಹೂವನ್ನು ಕಣ್ಣಿನ ಹತ್ತಿರ ಹಿಡಿದು, "ಇದು ಗುರೆಳ್ಳ ಹೂವಲ್ಲೇನು? ಇದಕ್ಕ ಇಷ್ಟ್ ಹಾರಾಟ?" ಅಂತಲೂ ಕೇಳಿದರು. ಎಸಳು ಎಣಿಸಿದರೆ ತಪ್ಪೇನೂ ಹೇಳಿರಲಿಲ್ಲ.

ಏಪ್ರಿಲ್ ಪೂರ್ತಿ ಹೂವಾಯಿತು. ಮೇ ಎರಡನೇ ವಾರಕ್ಕೆ ಎಲೆ ಒಂದೊಂದೇ ಒಣಗಿ ಮಡಿ ಬೋಳಾಯಿತು. ಆಗ ಮತ್ತೆ ಫೋನು, ಮತ್ತೆ ಅದೇ "ನಿನ್ನ ಗಿಡ". ಈ ಸಲ ನಾನು ಓಡಿದೆ. ನಾನು ಹೋಗುವಷ್ಟರಲ್ಲಿ ಕೆಲಸದಾಕೆ ಕುರ್ಪಿ ಹಿಡಿದು ತುದಿಯ ಒಂದನ್ನು ಕಿತ್ತಾಗಿತ್ತು. ಅರ್ಧಕ್ಕೆ ತುಂಡಾದ ತಾಯಿಬೇರು ಹೆಬ್ಬೆರಳಿನಷ್ಟು ದಪ್ಪ. ಉಗುರಿನಿಂದ ಗೀರಿದರೆ ಒಳಗೆ ಬಿಳಿ, ಹಸಿ. ಜೀವಂತ ಗಿಡ ಅದು. ತವರಿನಲ್ಲಿ ಚಳಿಗಾಲದ ಹಿಮಕ್ಕೆ ಮೇಲಿನ ಸೊಪ್ಪು ಬಿಟ್ಟು ಬೇರಲ್ಲಿ ಮಲಗುವ ಗಿಡ ನಮ್ಮಲ್ಲಿ ಮೇ ತಿಂಗಳ ಉರಿಗೆ ಮಲಗಿತ್ತು. ಉಳಿದ ಎಂಟರ ಒಣ ಕಾಂಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಹದಿನೈದು ದಿನಕ್ಕೊಮ್ಮೆ ನೀರು ಹಾಕುತ್ತ ಸುಮ್ಮನಿದ್ದೆವು. ಜೂನ್ ಕೊನೆಗೆ ಮೊದಲ ಮಳೆ ಬಿದ್ದ ವಾರದಲ್ಲಿ ಎಂಟೂ ಬುಡದಿಂದ ಚಿಗುರಿದವು. ಕಿತ್ತದ್ದರ ತುಂಡನ್ನು ನೆಟ್ಟು ನೋಡಿದೆ, ಅದು ಬರಲಿಲ್ಲ.

ಬೀಜ ಎಲ್ಲಿದೆ

ಏಪ್ರಿಲ್‌ನಲ್ಲಿ ಅಕ್ಕೋರು ಒಣಗಿದ ಬಟ್ಟಲುಗಳಿಂದ ಬೀಜ ಕೂಡಿಸಿ ಕಾಗದದ ಪೊಟ್ಟಣ ಕಟ್ಟಿಟ್ಟಿದ್ದರು. 2023ರ ಅಕ್ಟೋಬರ್‌ನಲ್ಲಿ ಅವನ್ನು ಚೀಲಕ್ಕೆ ಹಾಕಿದೆವು. ಒಂದೂ ಹುಟ್ಟಲಿಲ್ಲ. ಒಂದೂ ಅಂದರೆ ಒಂದೂ ಇಲ್ಲ. ಕೆಟ್ಟ ಬೀಜ ಅಂತ ಮಾರಿದವರನ್ನು ಬೈಯುವ ಹಾಗೂ ಇಲ್ಲ, ನಮ್ಮದೇ ಗಿಡದ್ದು.

ಪೊಟ್ಟಣದಲ್ಲಿ ಉಳಿದದ್ದನ್ನು ಬಿಳಿ ತಟ್ಟೆಯ ಮೇಲೆ ಸುರಿದು ಲೆನ್ಸ್ ಹಿಡಿದೆ. ಎಲ್ಲವೂ ಬಿಲ್ಲೆಯ ನಡುವಿನಿಂದ ತೆಗೆದವು. ಸೂರ್ಯಪಾನ ಕಂಡು ಬೆಳೆದ ಯಾರೇ ಆದರೂ ಹಾಗೇ ತೆಗೆಯುತ್ತಿದ್ದರು, ಅದರ ಕಾಳು ಇರುವುದೇ ತೆನೆಯ ನಡುವೆ, ಅಂಚಿನ ಹಳದಿ ಎಸಳು ಬಂಜೆ. ಚಾಕೊಲೇಟ್ ಹೂವಿನಲ್ಲಿ ಲೆಕ್ಕ ತಿರುಗುಮುರುಗು. ನಡುವಿನ ಬಿಲ್ಲೆಯಲ್ಲಿರುವವು ಬರೇ ಪರಾಗ ಕೊಡುವ ಗಂಡು ಹೂಗಳು, ಕಾಳು ಕಟ್ಟುವುದಿಲ್ಲ. ಬೀಜ ಆಗುವುದು ಅಂಚಿನ ಎಸಳಿನ ಬುಡದಲ್ಲಿ ಮಾತ್ರ. ಎಂಟು ಎಸಳಿದ್ದರೆ ಹೆಚ್ಚೆಂದರೆ ಎಂಟು ಬೀಜ. ನಾವು ಬಿತ್ತಿದ್ದು ಒಣಗಿದ ಗಂಡು ಹೂಗಳ ಕಸ. ನಿಜವಾದ ಬೀಜಗಳನ್ನು ಅಕ್ಕೋರು ಹೊಟ್ಟು ಅಂತ ಊದಿ ಹಾರಿಸಿದ್ದರು.

ನಿಜವಾದ ಬೀಜ ನೋಡಲು ಬೀಜದಂತೆ ಇಲ್ಲವೇ ಇಲ್ಲ. ಚಪ್ಪಟೆ, ಕಪ್ಪು ಕಂದು. ಹಿಂದೊಂದು ಹೊದಿಕೆಯ ಎಸಳು, ಮುಂದೆ ಒಣಗಿದ ಎರಡು ಗಂಡು ಹೂ ಅಂಟಿಕೊಂಡೇ ಉದುರುತ್ತವೆ, ಸತ್ತ ತಿಗಣೆಯ ಹಾಗೆ. ನಮ್ಮ ಹೊಲಗಳ ಶನಿ ಕಾಂಗ್ರೆಸ್ ಕಸ ಇದೆಯಲ್ಲ, ಪಾರ್ಥೇನಿಯಂ, ಅದರ ಬೀಜದ ಕಟ್ಟಡವೂ ಇದೇ, ಹೂವಿಗೆ ಐದು, ಪ್ರತಿಯೊಂದಕ್ಕೂ ಎರಡು ಗಂಡು ಹೂ ಅಂಟಿರುತ್ತವೆ. ಹೂವು ಒಂದೊಂದು ಸಣ್ಣದು, ಗಿಡಕ್ಕೆ ಸಾವಿರಗಟ್ಟಲೆ.

ಪಾರ್ಥೇನಿಯಂ ನೆನಪಾದ ಮೇಲೆ ನಾನು ಸ್ವಲ್ಪ ಅಂಜಿದೆ. ಅದೂ ಅಮೆರಿಕದ ಕಡೆಯದೇ, 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶ ತುಂಬಿತು. ಚಾಕೊಲೇಟ್ ಹೂವಿನ ಬೀಜ ಕಡಿಮೆ, ಗಾಳಿಗೆ ಹಾರಿಸುವ ತುಪ್ಪಳವೂ ಅದಕ್ಕಿಲ್ಲ, ಮಡಿಯ ಹೊರಗಿನ ಎರಿ ಮಣ್ಣಿನಲ್ಲಿ ಈವರೆಗೆ ಒಂದೂ ತಾನಾಗಿ ಎದ್ದಿಲ್ಲ. ಆದರೂ ನರ್ಸರಿಯಲ್ಲಿ ಇದನ್ನು ಮಾರಾಟಕ್ಕೆ ಇಟ್ಟಿಲ್ಲ. ಇನ್ನೂ ಕೆಲವು ವರ್ಷ ಕಣ್ಣಿಡೋಣ ಅಂತ. ಹೊರದೇಶದಿಂದ ನೇರ ಬೀಜ ತರಿಸುವವರಿಗೆ ಇನ್ನೊಂದು ಮಾತು: 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಅದಕ್ಕೆ ಆಮದು ಪರವಾನಗಿಯೂ ಅಲ್ಲಿನ 'ಫೈಟೋಸ್ಯಾನಿಟರಿ' ಪ್ರಮಾಣಪತ್ರವೂ ಬೇಕು. ನೆಂಟರ ಬ್ಯಾಗಿನಲ್ಲಿ ಅಡಗಿಸಿ ತರುವ ಕೆಲಸ ಬೇಡ.

2024ರ ಮಳೆ

2023ರಲ್ಲಿ ಗಿಡಗಳು ಮಳೆಗಾಲ ದಾಟಿದವು. ಅಕ್ಕೋರು ಓಣಿಗೆಲ್ಲ ಪೇಢಾ ಹಂಚುವುದರಲ್ಲಿದ್ದರು, ನಾನೇ ತಡೆದೆ. ಆ ವರ್ಷದ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್, ಕರ್ನಾಟಕದಲ್ಲಿ ಬರ ಘೋಷಣೆಯಾದ ವರ್ಷ. ಪರೀಕ್ಷೆಯನ್ನೇ ಬರೆಯದೆ ಪಾಸಾದ ಹಾಗಿತ್ತು.

ನಿಜವಾದ ಪರೀಕ್ಷೆ 2024ರಲ್ಲಿ. ಸೆಪ್ಟೆಂಬರ್ ಮೊದಲ ಎರಡು ದಿನ ಎಡೆಬಿಡದೆ ಸುರಿಯಿತು. ಮೂರನೇ ದಿನ ಹೋದಾಗ ಅಂಗಳದ ಎರಿ ಮಣ್ಣಿನಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಮಡಿಯ ಮೇಲಿನ ಖಡಿ ಒಣಗಿತ್ತು. ಎಂಟರಲ್ಲಿ ಆರು ಗಟ್ಟಿಯಾಗಿ ನಿಂತಿದ್ದವು, ಒಂದರಲ್ಲಿ ಮೊಗ್ಗೂ ಇತ್ತು. ಉತ್ತರದ ತುದಿಯ ಎರಡು ಮಾತ್ರ ಹತ್ತು ದಿನದಲ್ಲಿ ಬಾಡಿ ಹೋದವು. ಈ ಸಲ ನಿಂತು ನೋಡುವ ಬದಲು ಕೂತು ಕಿತ್ತೆ. ಅದೇ ಕಂದು ಬುಡ, ಅದೇ ಜಾರುವ ಸಿಪ್ಪೆ. ಮೇಲೆ ನೋಡಿದರೆ ಮಾಳಿಗೆಯ ನೀರಿನ ಪೈಪಿನ ಬಾಯಿ ನೇರ ಆ ತುದಿಯ ಮೇಲಿತ್ತು, ಮಳೆ ನಿಂತು ವಾರವಾದರೂ ಹನಿ ಬೀಳುತ್ತಲೇ ಇತ್ತು. ಮಡಿ ಕಟ್ಟುವಾಗ ಬೆಳಗಿನ ಬಿಸಿಲು ಎಲ್ಲಿಂದ ಬರುತ್ತದೆ ಅಂತ ಅಷ್ಟು ನೋಡಿದವರು ತಲೆಯ ಮೇಲೆ ಏನಿದೆ ಅಂತ ನೋಡಿರಲಿಲ್ಲ.

ಆ ಬೇಸಿಗೆಯಲ್ಲಿ ಅಂಚಿನಿಂದ ಬಿಡಿಸಿಟ್ಟ ಬೀಜ ಇಪ್ಪತ್ತನಾಲ್ಕನ್ನು ಅಕ್ಟೋಬರ್ ಕೊನೆಗೆ ಚೀಲಕ್ಕೆ ಹಾಕಿದೆವು. ಹದಿನೈದು ಹುಟ್ಟಿದವು. ಎರಡು ಸಸಿ ಉತ್ತರದ ತುದಿಯ ಖಾಲಿ ಜಾಗಕ್ಕೆ ಹೋದವು. ಪೈಪಿಗೆ ಮೊಣಕೈ ಜೋಡಿಸಿ ಅದರ ಬಾಯಿಯನ್ನು ಹಿತ್ತಲಿನ ಬಾಳೆಯ ಕಡೆ ತಿರುಗಿಸಿದ್ದೇವೆ.